ಬೇಸಗೆಯ ರಜೆಯಲ್ಲಿ ಕಾಣದ ಊರು



ಕಳೆದ ಜೂನ್ ತಿಂಗಳಲ್ಲಿ ಶಾಲೆ ಪುನಃ ಆರಂಭವಾದ ಮೊದಲ ವಾರ ಎಂಟನೆಯ ತರಗತಿಯವರಿಗೆ ವಾಡಿಕೆಯಂತೆ 'ನಮ್ಮ ಊರು' ಎಂಬ ವಿಷಯವನ್ನು ಕೊಟ್ಟು ಪ್ರಬಂಧ ಬರೆಯಹೇಳಿದೆನು. ಮುಂಬಯಿಯ ನಮ್ಮ ಶಾಲೆಯ ಮಕ್ಕಳಲ್ಲಿ ಹೆಚ್ಚಿನವರ ಹಿರಿಯರು ಉಡುಪಿ, ಮಂಗಳೂರು, ಕುಂದಾಪುರಗಳ ಕಡೆಯವರು. ಕೆಲವರು ಧಾರವಾಡ, ವಿಜಯಪುರಗಳ ಕಡೆಯವರು. ಎಲ್ಲರೂ ರಜೆ ಮುಗಿಸಿ ಊರಿನಿಂದ ಆಗತಾನೇ ಮರಳಿದ್ದರು. ಪ್ರಬಂಧಗಳನ್ನು ತಿದ್ದುತ್ತ ಹೋದಂತೆ ನನಗೊಂದು ವಿಚಿತ್ರ ಸಂಗತಿ ಗೋಚರಿಸಿತು. ಮೂವತ್ತು ಪುಸ್ತಕಗಳಲ್ಲಿಯೂ ಒಂದೇ ಊರು ಇದ್ದಿತು. ಬಿಸಿಲು ಸುಡುತ್ತದೆ, ಬಾವಿಯ ನೀರು ತಳ ಹಿಡಿದಿದೆ, ಗದ್ದೆಗಳು ಬೋಳಾಗಿ ಬಿರಿದಿವೆ, ಮಾವು ಹಲಸುಗಳು ಹೇರಳ, ಮದುವೆ ಮುಂಜಿಗಳ ಗದ್ದಲ, ಮಧ್ಯಾಹ್ನ ಎಲ್ಲರೂ ಜಗಲಿಯಲ್ಲಿ ಮಲಗುತ್ತಾರೆ. ಒಬ್ಬ ಹುಡುಗನಂತೂ ನೇರವಾಗಿ ಹೀಗೆ ಬರೆದಿದ್ದನು: ನಮ್ಮ ಊರಿನ ಗದ್ದೆಯಲ್ಲಿ ಏನೂ ಬೆಳೆಯುವುದಿಲ್ಲ, ಅದನ್ನು ಮಾರಿಬಿಡುವುದೇ ಒಳ್ಳೆಯದೆಂದು ಮನೆಯಲ್ಲಿ ಮಾತನಾಡುತ್ತಿದ್ದಾರೆ.

ಆ ವಾಕ್ಯದ ಮುಂದೆ ನನ್ನ ಕೆಂಪು ಲೇಖನಿ ಬಹಳ ಹೊತ್ತು ನಿಂತಿತು. ವ್ಯಾಕರಣದ ದೋಷವೇನೂ ಅದರಲ್ಲಿರಲಿಲ್ಲ. ಹುಡುಗನು ಸುಳ್ಳನ್ನೂ ಬರೆದಿರಲಿಲ್ಲ. ಅವನು ಹುಟ್ಟಿದಂದಿನಿಂದ ಊರಿಗೆ ಹೋದದ್ದು ಏಪ್ರಿಲ್ ಮೇ ತಿಂಗಳುಗಳಲ್ಲಿ ಮಾತ್ರ. ಹನ್ನೆರಡು ಪುಟಗಳ ಪುಸ್ತಕದಲ್ಲಿ ಒಂದೇ ಪುಟವನ್ನು ಪ್ರತಿವರ್ಷವೂ ತೆರೆದು ಓದಿದವನು ಕಥೆಯಲ್ಲಿ ಸ್ವಾರಸ್ಯವಿಲ್ಲವೆಂದರೆ ಯಾರನ್ನು ದೂರೋಣ? ಆದುದರಿಂದ ನಾವು ಕಾಣದ ಉಳಿದ ಪುಟಗಳಲ್ಲಿ ಏನಿದೆಯೆಂಬುದನ್ನು ಈ ಲೇಖನದಲ್ಲಿ ತಿಳಿಯೋಣ. ನನಗೆ ಚೆನ್ನಾಗಿ ಪರಿಚಿತವಾದುದು ಕರಾವಳಿಯ ಕೃಷಿಯಾದುದರಿಂದ ಅದನ್ನೇ ವಿಸ್ತಾರವಾಗಿ ಹೇಳುವೆನು.

ಮೊದಲು ನೀವು ಕಂಡ ಪುಟವನ್ನೇ ಇನ್ನೊಮ್ಮೆ ನೋಡಿರಿ. ಮೇ ತಿಂಗಳಲ್ಲಿ ಅಜ್ಜಿಯು ಹಲಸಿನ ತೊಳೆಗಳನ್ನು ಬಿಡಿಸಿ ಉಪ್ಪುನೀರಿನ ಭರಣಿಯಲ್ಲಿ ಹಾಕಿಡುವುದನ್ನು ನೀವು ಕಂಡಿರಬೇಕು. ಹಲಸಿನ ಹಪ್ಪಳ, ಅಕ್ಕಿಯ ಸಂಡಿಗೆ ಅಂಗಳದ ಚಾಪೆಯ ಮೇಲೆ ಒಣಗುತ್ತಿರುತ್ತವೆ. ಕಾಗೆ ಓಡಿಸುವ ಕೆಲಸ ನಿಮ್ಮ ಪಾಲಿಗೇ ಬಂದಿರುತ್ತದೆ. ಹಲಸಿನ ಬೀಜಗಳಿಗೆ ಕೆಮ್ಮಣ್ಣು ಮೆತ್ತಿ ಮೂಲೆಯಲ್ಲಿ ರಾಶಿ ಹಾಕುತ್ತಾರೆ. ಮಾವಿನ ಮಿಡಿಗಳು ಉಪ್ಪಿನಲ್ಲಿ ನೆನೆಯುತ್ತವೆ. ಸೌದೆಯನ್ನು ಕೊಟ್ಟಿಗೆಯ ಮಗ್ಗುಲಿನಲ್ಲಿ ಒಟ್ಟುತ್ತಾರೆ, ಒಣಗಿದ ತರಗೆಲೆಯನ್ನು ಗುಡ್ಡದಿಂದ ಹೊತ್ತು ತರುತ್ತಾರೆ, ಮಾಡಿನ ಒಡೆದ ಹಂಚುಗಳನ್ನು ಬದಲಿಸುತ್ತಾರೆ. ನಾವಾದರೋ ಹಪ್ಪಳವನ್ನು ಹುರಿದು ತಿಂದು ಮುಂಬಯಿಯ ಗಾಡಿ ಹತ್ತುತ್ತೇವೆ. ಇವೆಲ್ಲವೂ ಯಾತಕ್ಕಾಗಿ ನಡೆಯುತ್ತಿದ್ದುವೆಂದು ಕೇಳುವುದಿಲ್ಲ. ಜುಲೈ ತಿಂಗಳ ಮೂರು ವಾರ ಸೂರ್ಯನು ಮುಖ ತೋರಿಸದಿರುವಾಗ, ಅಂಗಡಿಗೆ ಹೋಗುವ ಕಾಲುದಾರಿಯ ಮೇಲೆ ಹೊಳೆ ಹರಿಯುವಾಗ, ಆ ಮನೆಯವರು ಉಣ್ಣಬೇಕಾದ ಊಟ ಅದು. ಮಲಗಿದಂತೆ ಕಂಡ ಊರು ಮಳೆಗಾಲವನ್ನು ಎದುರುಗೊಳ್ಳಲು ಕಂಕಣ ಕಟ್ಟಿ ನಿಂತ ಊರು.

ಹಾಗೆಯೇ ಗದ್ದೆ. ಕರಾವಳಿಯ ರೈತನು ಎಲ್ಲ ಗದ್ದೆಗಳನ್ನೂ ಒಂದೇ ಹೆಸರಿನಿಂದ ಕರೆಯುವುದಿಲ್ಲ. ತೋಡಿನ ಬದಿಯಲ್ಲಿ ತಗ್ಗಾಗಿ, ಸದಾ ತೇವ ಹಿಡಿದಿರುವ ಭೂಮಿ ಬೈಲು. ಅದಕ್ಕಿಂತ ಮೇಲಿನ ಮಟ್ಟದ್ದು ಮಜಲು. ಗುಡ್ಡದ ಓರೆಯಲ್ಲಿ ಮಳೆಯನ್ನೇ ನಂಬಿಕೊಂಡಿರುವುದು ಬೆಟ್ಟು. ನೀರು ಸಾಕಷ್ಟಿರುವ ಬೈಲು ಗದ್ದೆಯಲ್ಲಿ ವರ್ಷಕ್ಕೆ ಮೂರು ಬೆಳೆ, ಮಜಲಿನಲ್ಲಿ ಎರಡು, ಬೆಟ್ಟಿನಲ್ಲಿ ಒಂದೇ. ಆ ಮೂರು ಬೆಳೆಗಳಿಗೂ ಹೆಸರುಗಳಿವೆ. ಮಳೆಗಾಲದ್ದು ಏಣಿಲು, ಚಳಿಗಾಲದ್ದು ಸುಗ್ಗಿ, ಬೇಸಗೆಯದ್ದು ಕೊಳಕೆ. ಕೊಳಕೆಯ ಕೊಯ್ಲು ಏಪ್ರಿಲ್ ಮೇ ತಿಂಗಳ ಹೊತ್ತಿಗೆ ಮುಗಿಯುವುದರಿಂದ, ನೀವು ಹೋಗುವಾಗ ಮೂರೂ ಬಗೆಯ ಗದ್ದೆಗಳು ಬೋಳಾಗಿ ಕಾಣುವುದು ಸಹಜ. ಬೆಟ್ಟು ಗದ್ದೆಯಂತೂ ಆರೇಳು ತಿಂಗಳಿನಿಂದ ಬಿಸಿಲಿಗೆ ಕಾಯುತ್ತಲೇ ಇರುತ್ತದೆ. ಅದು ವ್ಯರ್ಥವಾದ ಕಾಯುವಿಕೆಯಲ್ಲ. ಬೇಸಗೆಯ ಬಿಸಿಲು ಮಣ್ಣಿನಲ್ಲಡಗಿದ ಹಲವು ಕೀಟಗಳನ್ನೂ ಕಳೆಯ ಬೇರುಗಳನ್ನೂ ಸುಡುತ್ತದೆ. ಗದ್ದೆಯಲ್ಲಿ ಹರಡಿದ ಹಟ್ಟಿಗೊಬ್ಬರವೂ ಸುಡುಮಣ್ಣೂ ಮಳೆಯನ್ನು ಕಾದಿರುತ್ತವೆ.

ಮೇ ತಿಂಗಳ 24, 25ರ ಸುಮಾರಿಗೆ, ತುಳುವರ ಬೇಶ ತಿಂಗಳ ಹತ್ತನೆಯ ದಿನ, ಪತ್ತನಾಜೆ ಎಂಬುದೊಂದು ಬರುತ್ತದೆ. ಅದು ದೊಡ್ಡ ಹಬ್ಬವಲ್ಲ, ಗಡಿಯ ಕಲ್ಲು. ಅಂದಿಗೆ ಕೋಲ, ನೇಮ, ಜಾತ್ರೆಗಳು ನಿಲ್ಲುತ್ತವೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ. ಕುಣಿದ ಕಾಲುಗಳು ಇನ್ನು ಕೆಸರಿಗಿಳಿಯಬೇಕು. ನಮ್ಮ ಮಕ್ಕಳು ಊರು ಬಿಡುವುದು ಸರಿಸುಮಾರು ಇದರ ಆಚೀಚೆಗೆ. ತೆರೆ ಏಳುವ ಹೊತ್ತಿಗೆ ಪ್ರೇಕ್ಷಕರು ಎದ್ದು ಹೋದಂತೆ!

ನೈಋತ್ಯ ಮಾರುತವು ಕೇರಳದ ತೀರವನ್ನು ಮುಟ್ಟುವ ವಾಡಿಕೆಯ ದಿನ ಜೂನ್ 1. ಅಲ್ಲಿಂದ ಕೆಲವೇ ದಿನಗಳಲ್ಲಿ ಅದು ಕರ್ನಾಟಕದ ಕರಾವಳಿಯನ್ನು ವ್ಯಾಪಿಸಿ, ಜೂನ್ 11ರ ಸುಮಾರಿಗೆ ಮುಂಬಯಿಗೆ ಬರುತ್ತದೆ. ಆದುದರಿಂದ ನಿಮ್ಮ ತರಗತಿಯ ಕಿಟಕಿಗೆ ಹೊಡೆಯುವ ಮಳೆಯು ನಿಮ್ಮ ಅಜ್ಜಿಯ ಅಂಗಳವನ್ನು ದಾಟಿಕೊಂಡೇ ಬಂದುದು. ಮೊದಲ ಹನಿಗಳೊಡನೆ ಏಳುವ ಮಣ್ಣಿನ ವಾಸನೆಯನ್ನು ಎಲ್ಲರೂ ಬಲ್ಲೆವು. 1964ರಲ್ಲಿ ಆಸ್ಟ್ರೇಲಿಯದ ಇಬ್ಬರು ವಿಜ್ಞಾನಿಗಳು, ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್, ಅದನ್ನು ಅಭ್ಯಸಿಸಿ 'ಪೆಟ್ರಿಕೋರ್' ಎಂದು ಹೆಸರಿಟ್ಟರು. ಒಣ ದಿನಗಳಲ್ಲಿ ಸಸ್ಯಗಳಿಂದ ಹೊರಟ ಎಣ್ಣೆಯಂಥ ಪದಾರ್ಥಗಳನ್ನು ಮಣ್ಣು ಕಲ್ಲುಗಳು ಹೀರಿಟ್ಟುಕೊಂಡಿದ್ದು, ತೇವ ತಾಗಿದೊಡನೆ ಬಿಟ್ಟುಕೊಡುತ್ತವೆ. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಉಂಟುಮಾಡುವ 'ಜಿಯೋಸ್ಮಿನ್' ಎಂಬ ಇನ್ನೊಂದು ದ್ರವ್ಯವೂ ಅದರೊಡನೆ ಸೇರುತ್ತದೆ. ಉತ್ತರ ಪ್ರದೇಶದ ಕನೌಜಿನಲ್ಲಿ ಈ ವಾಸನೆಯನ್ನು ಭಟ್ಟಿಯಿಳಿಸಿ ಅತ್ತರು ಮಾಡುತ್ತಾರೆ. ಮಳೆ ಬಿದ್ದ ರಾತ್ರಿ ಗದ್ದೆಯಲ್ಲಿ ಕಪ್ಪೆಗಳ ಸಭೆ ಸೇರುತ್ತದೆ. ವರ್ಷವೆಲ್ಲ ಮಾಸಲು ಹಸಿರಾಗಿರುವ ಗೂಳಿಗಪ್ಪೆಯ ಗಂಡು ಆ ದಿನಗಳಲ್ಲಿ ನಿಂಬೆಹಣ್ಣಿನಂತೆ ಹಳದಿಯಾಗಿ, ಗಂಟಲ ಎರಡು ಮಗ್ಗುಲಲ್ಲಿ ನೀಲಿಯ ಚೀಲಗಳನ್ನು ಉಬ್ಬಿಸಿ ಕೂಗುವುದನ್ನು ಕಂಡವರು ಮರೆಯಲಾರರು. ಮೇ ತಿಂಗಳಲ್ಲಿ ಅದು ಎಲ್ಲಿದ್ದಿತು? ನೀವು ಕ್ರಿಕೆಟ್ ಆಡಿದ ಬಿರುಕು ಗದ್ದೆಯ ಅಡಿಯಲ್ಲಿ, ಮಣ್ಣಿನ ತಂಪಿನಲ್ಲಿ ಮಲಗಿದ್ದಿತು.

ಇನ್ನು ಮಳೆಯ ಲೆಕ್ಕ. ನಗರದವರು ಮಳೆಗಾಲವನ್ನು ತಿಂಗಳುಗಳಲ್ಲಿ ಹೇಳಿದರೆ ರೈತನು ನಕ್ಷತ್ರಗಳಲ್ಲಿ ಹೇಳುತ್ತಾನೆ. 'ಮೃಗಶಿರೆ ಹಿಡಿಯಿತು', 'ಆರಿದ್ರೆ ಬಿಟ್ಟಿತು' ಎಂಬ ಮಾತುಗಳನ್ನು ನೀವು ಕೇಳಿರಬಹುದು. ಮಳೆಯು ನಕ್ಷತ್ರದಿಂದ ಉದುರುತ್ತದೆ ಎಂದು ಇದರ ಅರ್ಥವಲ್ಲ. ಆಕಾಶದಲ್ಲಿ ಸೂರ್ಯನು ಸುತ್ತುವಂತೆ ತೋರುವ ದಾರಿಯನ್ನು ಪೂರ್ವಿಕರು 27 ಭಾಗ ಮಾಡಿ ಒಂದೊಂದಕ್ಕೆ ಒಂದೊಂದು ನಕ್ಷತ್ರದ ಹೆಸರನ್ನಿಟ್ಟರು. 365 ದಿನಗಳನ್ನು 27ರಿಂದ ಭಾಗಿಸಿರಿ. ಸುಮಾರು ಹದಿಮೂರೂವರೆ ದಿನ ಬರುತ್ತದೆ. ಅಷ್ಟು ದಿನ ಸೂರ್ಯನು ಒಂದು ನಕ್ಷತ್ರದ ಭಾಗದಲ್ಲಿರುತ್ತಾನೆ. ಆಗ ಬಿದ್ದ ಮಳೆ ಆ ನಕ್ಷತ್ರದ ಮಳೆ. ಏಪ್ರಿಲ್ 14ರ ಸುಮಾರಿಗೆ ಅಶ್ವಿನಿ, 27ಕ್ಕೆ ಭರಣಿ, ಮೇ 11ಕ್ಕೆ ಕೃತ್ತಿಕೆ, 25ಕ್ಕೆ ರೋಹಿಣಿ, ಜೂನ್ 8ಕ್ಕೆ ಮೃಗಶಿರೆ, 22ಕ್ಕೆ ಆರಿದ್ರೆ, ಜುಲೈ 6ಕ್ಕೆ ಪುನರ್ವಸು, 20ಕ್ಕೆ ಪುಷ್ಯ. ಮುಂದೆ ಆಶ್ಲೇಷೆ, ಮಘೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ ಎಂದು ನಡೆದು, ಅಕ್ಟೋಬರ್ 24ರ ಸುಮಾರಿಗೆ ಸ್ವಾತಿ, ಆ ಬಳಿಕ ವಿಶಾಖೆ. ಹದಿಮೂರು ದಿನ ಎಂಬುದು ರೈತನಿಗೆ ಬಹಳ ಹದವಾದ ಅಳತೆ. ವಾರವು ತೀರ ಚಿಕ್ಕದು, ತಿಂಗಳು ತೀರ ದೊಡ್ಡದು. ಬೀಜ ಮೊಳೆತು ಎರಡೆಲೆಯಾಗುವುದು, ಸಸಿ ನಾಟಿಗೆ ಹದವಾಗುವುದು, ಕಳೆ ತಲೆಯೆತ್ತುವುದು, ಇವೆಲ್ಲ ಒಂದೆರಡು ನಕ್ಷತ್ರಗಳ ಒಳಗೆ ನಡೆಯುವ ಕಾರ್ಯಗಳು.

ಈ ಲೆಕ್ಕವು ಗಾದೆಗಳ ರೂಪದಲ್ಲಿ ಜನರ ನಾಲಗೆಯ ಮೇಲೆ ನಿಂತಿದೆ. 'ಭರಣಿ ಮಳೆ ಧರಣಿ ಬೆಳೆ' ಎಂಬುದು ಬಹುಮಂದಿಗೆ ಗೊತ್ತು. ಬಿಡದೆ ಸುರಿಯುವ ಆರಿದ್ರೆಗೆ 'ಆರಿದ್ರೆ ಮಳೆ ಆರದೆ ಹುಯ್ಯುತ್ತದೆ' ಎನ್ನುವರು. ನನಗೆ ಅತ್ಯಂತ ಪ್ರಿಯವಾದುದು ಮಘೆಯ ಗಾದೆ: 'ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು.' ಆಗಸ್ಟ್ ಉತ್ತರಾರ್ಧದಲ್ಲಿ ಬೆಳೆಯು ಎಳೆಯ ಮಗುವಿನಂತೆ ಹಸಿದಿರುತ್ತದೆ ಎಂಬ ಸಸ್ಯಶಾಸ್ತ್ರವೂ, ತಾಯಿಯೊಬ್ಬಳ ಸಂತೋಷವೂ ಒಂದೇ ಮಾತಿನಲ್ಲಿ ಅಡಕವಾಗಿವೆ. ಎಲ್ಲಿ ಬೀಳುತ್ತದೆ, ಎಲ್ಲಿ ಬಿಡುತ್ತದೆ ಎಂಬ ನೇಮವಿಲ್ಲದ ಅಕ್ಟೋಬರದ ಮಳೆಗೆ 'ಕುರುಡು ಚಿತ್ತೆ' ಎಂದು ಹೆಸರು. ಗಾದೆಗಳು ಎಲ್ಲ ವರ್ಷವೂ ನಿಜವಾಗುವುದಿಲ್ಲ. ಅವುಗಳನ್ನು ಕಟ್ಟಿದವರೂ ಹಾಗೆಂದು ಭಾವಿಸಿರಲಿಕ್ಕಿಲ್ಲ. ಅವು ಭವಿಷ್ಯವಾಣಿಗಳಲ್ಲ, ಗಮನಿಸಿ ನೋಡಿದವರ ಟಿಪ್ಪಣಿಗಳು.

ಇಲ್ಲಿ ಒಂದು ಮೋಜು ಇದೆ. ಸೂರ್ಯನು ಮೃಗಶಿರೆಯಲ್ಲಿರುವಾಗ ಮೃಗಶಿರೆ ನಮಗೆ ಕಾಣುವುದಿಲ್ಲ. ಅವನ ಬೆಳಕಿನಲ್ಲಿ ಅದು ಮುಳುಗಿರುತ್ತದೆ. ಹಾಗಾದರೆ ಮಳೆಯ ನಕ್ಷತ್ರಗಳನ್ನು ಕಾಣುವುದೆಂದು? ಮಳೆಯಿಲ್ಲದ ಡಿಸೆಂಬರ್ ಜನವರಿಯ ರಾತ್ರಿಗಳಲ್ಲಿ. ಆಗ ಸಂಜೆ ಎಂಟು ಗಂಟೆಯ ಮೇಲೆ ಚಾಳಿನ ಮಾಳಿಗೆ ಹತ್ತಿ ಪೂರ್ವಕ್ಕೆ ಮುಖಮಾಡಿ ನಿಲ್ಲಿರಿ. ಗೊಂಚಲಾಗಿ ಮಿನುಗುವುದು ಕೃತ್ತಿಕೆ. ಅದರ ಕೆಳಗೆ ಕೆಂಪಗಿನ ರೋಹಿಣಿ. ಆಮೇಲೆ ಮೂರು ಚುಕ್ಕೆಗಳ ಸಾಲುಳ್ಳ ಬೇಟೆಗಾರನ ತಲೆಯ ಕಡೆ ಮೃಗಶಿರೆ. ಅವನ ಹೆಗಲಲ್ಲಿ ಕೆಂಪು ಛಾಯೆಯ ಆರಿದ್ರೆ. ಮುಂಬಯಿಯ ದೀಪಗಳ ನಡುವೆಯೂ ಇವುಗಳಲ್ಲಿ ಹೆಚ್ಚಿನವು ಕಾಣುತ್ತವೆ. ಬರಲಿರುವ ಮಳೆಗಾಲವು ಆರು ತಿಂಗಳು ಮೊದಲೇ ಆಕಾಶದಲ್ಲಿ ಸಾಲಾಗಿ ನಿಂತಿರುತ್ತದೆ.

ಆದರೆ ಈ ಪಂಚಾಂಗವೂ ಅಚಲವಲ್ಲ. ಋತುಗಳ ವರ್ಷವು ನಕ್ಷತ್ರಗಳ ವರ್ಷಕ್ಕಿಂತ ಸುಮಾರು ಇಪ್ಪತ್ತು ನಿಮಿಷ ಚಿಕ್ಕದು. ಅಲ್ಪವೆಂದು ತೋರುವ ಈ ಅಂತರವು ಸುಮಾರು 71 ವರ್ಷಗಳಿಗೆ ಒಂದು ದಿನವಾಗುತ್ತದೆ. ಸೂರ್ಯನು ಉತ್ತರಕ್ಕೆ ತಿರುಗುವುದು ಡಿಸೆಂಬರ್ 22ರ ಸುಮಾರಿಗೆ, ನಾವು ಮಕರ ಸಂಕ್ರಾಂತಿಯನ್ನು ಆಚರಿಸುವುದು ಜನವರಿ 14ರ ಸುಮಾರಿಗೆ ಎಂಬ ಭೇದವು ಹೀಗೆಯೇ ಶತಮಾನಗಳಲ್ಲಿ ಕೂಡಿಬಂದುದು. ವಿಜ್ಞಾನಿ ಮೇಘನಾದ ಸಹಾರವರ ಅಧ್ಯಕ್ಷತೆಯಲ್ಲಿ 1952ರಲ್ಲಿ ನೇಮಕವಾದ ಪಂಚಾಂಗ ಸುಧಾರಣಾ ಸಮಿತಿಯು ಇದನ್ನು ಪರಿಶೀಲಿಸಿತು; ಅದರ ಸಲಹೆಯ ಮೇರೆಗೆ 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗವು ಜಾರಿಗೆ ಬಂದಿತು. ರೈತನು ಮಾತ್ರ ಇನ್ನೂ ಮೃಗಶಿರೆಯನ್ನೇ ಕೇಳುತ್ತಾನೆ.

ಜೂನಿನಲ್ಲಿ ನೀವು ಹೊಸ ಪುಸ್ತಕಗಳಿಗೆ ರಟ್ಟು ಹಾಕುವ ದಿನಗಳಲ್ಲಿ ಊರಿನಲ್ಲಿ ಸಸಿಮಡಿ ಸಿದ್ಧವಾಗಿರುತ್ತದೆ. ಬಿತ್ತಿದ ಮೂರು ನಾಲ್ಕು ವಾರಗಳಲ್ಲಿ ನೇಜಿ, ಎಂದರೆ ಭತ್ತದ ಎಳೆಯ ಸಸಿ, ಕೀಳಲು ಬರುತ್ತದೆ. ಗದ್ದೆಯನ್ನು ನೀರಿನಲ್ಲಿಯೇ ಉತ್ತು, ಹಲಗೆ ಎಳೆದು ಮಟ್ಟಮಾಡುತ್ತಾರೆ. ಬಾಗಿ ನಿಂತ ಹೆಂಗಸರು ಸಾಲಾಗಿ ಹಿಂದಕ್ಕೆ ಸರಿಯುತ್ತ ನೆಡುತ್ತಾರೆ. ಆ ದುಡಿಮೆಗೆ 'ಓಬೇಲೆ' ಎಂಬ ಹಾಡಿನ ಜತೆಯಿದ್ದಿತು. ಒಬ್ಬಳು ಎತ್ತಿಕೊಡುವುದು, ಉಳಿದವರು ಕೂಡಿ ಹೇಳುವುದು. ಈಗ ಅನೇಕ ಕಡೆ ನಾಟಿಯ ಯಂತ್ರ ಬಂದಿದೆ, ಎತ್ತುಗಳ ಬದಲಿಗೆ ಟಿಲ್ಲರು ಉಳುತ್ತದೆ, ಬೀಜವೂ ಎಂ.ಒ. 4 ಎಂಬ ಕೆಂಪಕ್ಕಿಯ ತಳಿ. ಯಂತ್ರ ಬಂದುದಕ್ಕೆ ನಾನು ಕಣ್ಣೀರಿಡಲಾರೆ. ಇಡೀ ದಿನ ಸುರಿಮಳೆಯಲ್ಲಿ ಬಾಗಿ ನಿಂತವರ ಸೊಂಟದ ನೋವನ್ನು ಹಾಡು ಕೇಳಿದವರು ಅರಿಯರು. ನೆಟ್ಟ ದಿನ ಗದ್ದೆ ಬಾಡಿದಂತೆ ಹಳದಿಯಾಗಿ ಕಾಣುತ್ತದೆ. ವಾರ ಕಳೆದ ಮೇಲೆ ಬೇರು ಹಿಡಿದು, ಒಂದು ಬೆಳಿಗ್ಗೆ ಬಯಲೆಲ್ಲ ಒಂದೇ ಹಸಿರಾಗುತ್ತದೆ. ಮುಂಬಯಿಯಲ್ಲಿ ಹುಟ್ಟಿ ಬೆಳೆದವರಲ್ಲಿ ಆ ಹಸಿರನ್ನು ಕಂಡವರು ಅತಿ ವಿರಳ. ಏಕೆಂದರೆ ಅದು ಮೊದಲ ಪರೀಕ್ಷೆಯ ಕಾಲ.

ನಾಟಿ ಮುಗಿದ ಮೇಲೆ ಬರುವುದು ಆಟಿ, ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತಿಂಗಳು. ಹಿಂದಿನ ಕಾಲದಲ್ಲಿ ಅದು ಕಷ್ಟದ ತಿಂಗಳು. ಕಳೆದ ಬೆಳೆಯ ಅಕ್ಕಿ ತೀರುತ್ತ ಬಂದಿರುತ್ತಿತ್ತು. ಹೊಸ ತೆನೆಗೆ ಇನ್ನೂ ಎರಡು ತಿಂಗಳು. ಮಳೆ, ಜ್ವರ, ಕೂಲಿಯಿಲ್ಲದ ದಿನಗಳು. ಬೈಹುಲ್ಲಿನ ಹಗ್ಗದಿಂದ ಉಂಡೆಯಾಗಿ ಬಿಗಿದಿಟ್ಟ ಅಕ್ಕಿಯ ಮುಡಿಯನ್ನು ಬಿಚ್ಚುವುದೂ, ಬೇಸಗೆಯಲ್ಲಿ ಉಪ್ಪಿನಲ್ಲಿಟ್ಟ ಹಲಸಿನ ತೊಳೆಯನ್ನು ತೆಗೆಯುವುದೂ ಆಗಲೇ. ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ ಕೆಸುವಿನೆಲೆ ಪತ್ರೊಡೆಯಾಗುತ್ತದೆ. ತಗಚೆಯ ಚಿಗುರು ಪಲ್ಯವಾಗುತ್ತದೆ. ಬಿದಿರಿನ ಎಳೆಯ ಮೊಳಕೆ ಕಣಿಲೆಯಾಗಿ ಒಲೆಯೇರುತ್ತದೆ. ಆಟಿ ಅಮಾವಾಸ್ಯೆಯಂದು ಸೂರ್ಯೋದಯಕ್ಕೆ ಮೊದಲು ಹಾಲೆಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆದು, ಕಹಿಯಾದ ರಸವನ್ನು ಮನೆಯವರೆಲ್ಲ ಕುಡಿಯುತ್ತಾರೆ. (ಮಕ್ಕಳೇ, ಈ ಮರವನ್ನು ಅರಿಯದೆ ಬೇರೆ ಮರದ ತೊಗಟೆಯನ್ನು ಕುಡಿಯುವುದು ಅಪಾಯಕರ, ಬಲ್ಲ ಹಿರಿಯರಿಲ್ಲದೆ ಇದಕ್ಕೆ ಕೈಹಾಕಬಾರದು.) ಇಂದು ನಗರಗಳ ಸಂಘಗಳಲ್ಲಿ 'ಆಟಿಡೊಂಜಿ ದಿನ' ಎಂದು ಬಗೆಬಗೆಯ ಭಕ್ಷ್ಯಗಳನ್ನು ಬಡಿಸಿ ಉಣ್ಣುತ್ತೇವೆ. ಉಣ್ಣೋಣ. ಆದರೆ ಅವು ಹಸಿವಿನ ತಿಂಗಳಲ್ಲಿ ಬದು ಬೇಲಿಗಳಿಂದ ಹುಡುಕಿ ತಂದ ಆಹಾರಗಳೆಂಬುದನ್ನು ಮರೆತರೆ ಎಲೆಯ ಮೇಲಿನ ರುಚಿ ಮಾತ್ರ ಉಳಿದೀತು.

ನೀವು ಬೇಸಗೆಯಲ್ಲಿ ಕಾಲು ಸುಟ್ಟುಕೊಂಡು ನಡೆದ ಮುರಕಲ್ಲಿನ ಪದವು ಈ ದಿನಗಳಲ್ಲಿ ಗುರುತು ಸಿಕ್ಕದಷ್ಟು ಬದಲಾಗಿರುತ್ತದೆ. ಈ ಕೆಂಪು ಕಲ್ಲು ನೆಲದಿಂದ ಕಡಿಯುವಾಗ ಮೃದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿ. ನಮ್ಮ ಊರ ಮನೆಗಳ ಗೋಡೆಗಳೆಲ್ಲ ಇದೇ. 1800-01ರಲ್ಲಿ ಈ ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನು 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಇದಕ್ಕೆ 'ಲ್ಯಾಟರೈಟ್' ಎಂಬ ಹೆಸರನ್ನು ಕೊಟ್ಟನು. ಮೇ ತಿಂಗಳಲ್ಲಿ ಅದರ ಮೇಲೆ ಹುಲ್ಲುಕಡ್ಡಿಯೂ ಇಲ್ಲವೆನಿಸುತ್ತದೆ. ಜುಲೈ ಆಗಸ್ಟಿನಲ್ಲಿ ಬಂಡೆಯ ತಗ್ಗುಗಳಲ್ಲಿ ಅಂಗುಲದಷ್ಟು ನೀರು ನಿಂತು, ಅದರಲ್ಲಿ ಬೆರಳುದ್ದದ ಗಿಡಗಳು ಬಿಳಿ, ನೀಲಿ ಹೂಗಳ ಹಾಸನ್ನು ಹಾಸುತ್ತವೆ. ಅವುಗಳಲ್ಲಿ ಕೆಲವು ಕೀಟಾಹಾರಿಗಳು. ಬಡಕಲ್ಲಿನಲ್ಲಿ ಸಾರ ಸಾಲದುದರಿಂದ ಸೂಕ್ಷ್ಮ ಜೀವಿಗಳನ್ನು ಹಿಡಿದು ಕೊರತೆ ತುಂಬಿಕೊಳ್ಳುತ್ತವೆ. ಅಕ್ಟೋಬರು ಕಳೆಯುವುದರೊಳಗೆ ಹೂ ಬಿಟ್ಟು ಬೀಜ ಕಟ್ಟಿ ಒಣಗಿ, ಮತ್ತೆ ಬರಿಯ ಕಲ್ಲು.

ಸೋಣ, ಕನ್ಯಾ ತಿಂಗಳುಗಳಲ್ಲಿ ತೆನೆ ಮೂಡುತ್ತದೆ. ಮೊದಲ ತೆನೆಗಳನ್ನು ಮನೆಗೆ ತಂದು ಬಾಗಿಲಿಗೆ, ಕಂಬಕ್ಕೆ, ಬಾವಿಯ ರಾಟೆಗೆ ಎಲೆಗಳೊಡನೆ ಕಟ್ಟಿ, ಹೊಸ ಅಕ್ಕಿಯ ಊಟ ಮಾಡುತ್ತಾರೆ. ಕೊಯ್ಲಿನ ಬೆನ್ನಿಗೆ ದೀಪಾವಳಿ. ಅಂದು ಗದ್ದೆಗೆ ದೀಪ ಒಯ್ದಿಟ್ಟು ಬಲಿ ಚಕ್ರವರ್ತಿಯನ್ನು ಕೂಗಿ ಕರೆಯುವರು. ಮಳೆ ನಿಂತೊಡನೆ ತೋಡುಗಳಿಗೆ ಅಡ್ಡಲಾಗಿ ಕಲ್ಲು, ಮಣ್ಣು, ಸೊಪ್ಪುಗಳಿಂದ 'ಕಟ್ಟ' ಹಾಕಿ ನೀರನ್ನು ತಡೆದು ಸುಗ್ಗಿಯ ಬೆಳೆಗೆ ತಿರುಗಿಸುತ್ತಾರೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಮಂಗಳೂರಿನಂಥ ಸೀಮೆಯಲ್ಲಿ ನೀರನ್ನೇಕೆ ಕಟ್ಟಬೇಕೆಂದು ಕೇಳಬಹುದು. ಅದರಲ್ಲಿ ಎಂಬತ್ತು ಪಾಲಿಗೂ ಹೆಚ್ಚು ನಾಲ್ಕೇ ತಿಂಗಳುಗಳಲ್ಲಿ ಬಿದ್ದು, ಘಟ್ಟದಿಂದ ಕಡಲಿಗೆ ಕೆಲವೇ ಹರದಾರಿ ಇರುವುದರಿಂದ ಓಡಿಹೋಗುತ್ತದೆ.

ಫೆಬ್ರವರಿಯ ಎರಡನೆಯ ವಾರದ ಸುಮಾರಿಗೆ, ಮಕರ ಮಾಸದ ಕೊನೆಗೆ, ಕೆಡ್ಡಸವೆಂಬ ಆಚರಣೆ ಬರುತ್ತದೆ. ಆ ಮೂರು ದಿನ ಭೂಮಿತಾಯಿ ಮೈನೆರೆದಿರುವಳೆಂದು ಭಾವಿಸಿ, ಯಾರೂ ನೆಲವನ್ನು ಉಳುವುದಿಲ್ಲ, ಅಗೆಯುವುದಿಲ್ಲ, ಹಸಿಮರ ಕಡಿಯುವುದಿಲ್ಲ. ಕೊನೆಯ ದಿನ ಮನೆಯ ಹೆಂಗಸರು ತುಳಸಿಯ ಮುಂದೆ ನೆಲಕ್ಕೆ ಎಣ್ಣೆ, ಅರಸಿನ, ಕುಂಕುಮಗಳನ್ನು ಅರ್ಪಿಸುತ್ತಾರೆ. ಹುರಿದ ಅಕ್ಕಿಯ ಹುಡಿಗೆ ಬೆಲ್ಲ, ತೆಂಗಿನಕಾಯಿ ಕಲಸಿ ತಿನ್ನುತ್ತಾರೆ. ಶಾಸ್ತ್ರಾರ್ಥ ಏನೇ ಇರಲಿ, ಬೆಳೆಯುವ ನೆಲಕ್ಕೂ ಬಿಡುವಿನ ಹಕ್ಕಿದೆ ಎಂಬುದನ್ನು ಪಂಚಾಂಗದಲ್ಲಿಯೇ ಬರೆದಿಟ್ಟ ಜನರ ವಿವೇಕಕ್ಕೆ ನಾನು ತಲೆಬಾಗುತ್ತೇನೆ.

ವಿಜಯಪುರ, ಧಾರವಾಡಗಳ ಕಡೆಯ ಮಕ್ಕಳು ತಮ್ಮ ಹೊಲದ ಮಾತೇ ಬರಲಿಲ್ಲವೆಂದು ಮುನಿಯಬಾರದು. ವಿಜಯಪುರದಲ್ಲಿ ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸು. ನಿಮ್ಮ ಎರೆಹೊಲವು ಬೇಸಗೆಯಲ್ಲಿ ಮೊಳಕಾಲು ಹೂಳುವಷ್ಟು ಬಿರಿಯುತ್ತದೆ. ಮೇಲಿನ ಹುಡಿಮಣ್ಣು ಆ ಬಿರುಕಿನೊಳಗೆ ಉದುರುತ್ತದೆ. ಮಳೆ ಬಂದಾಗ ಮಣ್ಣು ಉಬ್ಬಿ ಬಿರುಕು ಮುಚ್ಚುತ್ತದೆ. ಹೀಗೆ ವರ್ಷವರ್ಷವೂ ಮೇಲಿನದು ಕೆಳಗೆ ಹೋಗಿ, ಆ ನೆಲವು ತನ್ನನ್ನು ತಾನೇ ಉತ್ತುಕೊಳ್ಳುತ್ತದೆ. ಉತ್ತರೆ, ಹಸ್ತದ ಮಳೆಗಳಲ್ಲಿ ಬಿತ್ತಿದ ಹಿಂಗಾರಿ ಜೋಳವು ಮುಂದೆ ಹೆಚ್ಚು ಮಳೆಯಿಲ್ಲದೆ, ಆ ಎರೆ ಹಿಡಿದಿಟ್ಟ ತೇವದಿಂದಲೇ ಬೆಳೆಯುತ್ತದೆ. ಶೀಗೆ ಹುಣ್ಣಿಮೆಗೆ, ಎಳ್ಳಮಾವಾಸ್ಯೆಗೆ ಹೊಲಕ್ಕೆ ಬುತ್ತಿ ಒಯ್ದು ಚರಗ ಚೆಲ್ಲುವಾಗ ಮೊಣಕಾಲೆತ್ತರ, ಎದೆಯೆತ್ತರ ನಿಂತ ಬೆಳೆಯನ್ನು ನೀವು ಕಂಡಿದ್ದೀರೇನು? ಮೇ ತಿಂಗಳ ಬಿರುಕನ್ನು ಮಾತ್ರ ಕಂಡಿದ್ದೀರಿ.

ಇಷ್ಟು ಹೇಳಿದ ಮೇಲೆ ಒಂದು ಕಹಿಯಾದ ಮಾತನ್ನೂ ಮರೆಮಾಡಬಾರದು. ಬೇಸಗೆಯಲ್ಲಿ ಬೋಳಾಗಿ ಕಾಣುವ ಗದ್ದೆಗಳಲ್ಲಿ ಎರಡು ಬಗೆ. ಒಂದು ವಿಶ್ರಮಿಸುತ್ತಿರುವುದು, ಇನ್ನೊಂದು ಬೇಸಾಯವನ್ನೇ ಬಿಟ್ಟ ಹಡಿಲು ಗದ್ದೆ. ಮನೆಯ ಮಕ್ಕಳೆಲ್ಲ ಮುಂಬಯಿ, ಬೆಂಗಳೂರು, ಕೊಲ್ಲಿ ದೇಶಗಳಿಗೆ ಹೋಗಿ, ಆಳುಗಳು ಸಿಕ್ಕದೆ, ಖರ್ಚು ಹುಟ್ಟದೆ ಕರಾವಳಿಯಲ್ಲಿ ಹಡಿಲು ಬಿದ್ದ ಗದ್ದೆಗಳು ಬಹಳ. ಮೇ ತಿಂಗಳ ದೂರನೋಟಕ್ಕೆ ಎರಡೂ ಒಂದೇ. ಹತ್ತಿರ ಹೋಗಿ ನೋಡಬೇಕು. ವಿಶ್ರಮಿಸುವ ಗದ್ದೆಯಲ್ಲಿ ಕಳೆದ ಕೊಯ್ಲಿನ ಕೂಳೆ ಇರುತ್ತದೆ, ಬದುವಿಗೆ ಹೊಸ ಮಣ್ಣು ಮೆತ್ತಿರುತ್ತದೆ, ನೀರು ಬಿಡುವ ಕಂಡಿ ಸರಿಯಾಗಿರುತ್ತದೆ. ಹಡಿಲಿನಲ್ಲಿ ಬದು ಒಡೆದಿರುತ್ತದೆ, ಮುಳ್ಳುಕಂಟಿ ಬೇರೂರಿರುತ್ತದೆ. ಬದು ಒಡೆದ ಗದ್ದೆ ಮಳೆಯ ನೀರನ್ನು ನಿಲ್ಲಿಸಿಕೊಳ್ಳಲಾರದು. ನಿಂತ ನೀರಿನ ಒಂದು ಪಾಲು ಇಂಗಿ ಕೆಳಗಿನ ಬಾವಿಗೆ ಸೇರುತ್ತಿದ್ದುದು ಈಗ ತೋಡಿಗೆ, ತೋಡಿನಿಂದ ಕಡಲಿಗೆ. ನಿಮ್ಮ ಪ್ರಬಂಧದಲ್ಲಿ ತಳ ಹಿಡಿದ ಬಾವಿಗೂ ಅದರ ಮೇಲಿನ ಗದ್ದೆಗೂ ಸಂಬಂಧವಿರಬಹುದು. 2021ರಲ್ಲಿ ಉಡುಪಿಯ ಸುತ್ತಮುತ್ತ ಹಡಿಲು ಗದ್ದೆಗಳನ್ನು ಮತ್ತೆ ಉತ್ತು ಬೆಳೆಸುವ ಆಂದೋಲನವೇ ನಡೆಯಿತು. ಕೆಸರನ್ನು ಎಂದೂ ಮೆಟ್ಟದವರು ಕೂಡ ನೇಜಿ ನೆಟ್ಟರು. ಬಿಟ್ಟುಹೋದ ಗದ್ದೆ ಸತ್ತುಹೋಗಿರಲಿಲ್ಲವೆಂದು ಅದರಿಂದ ಗೊತ್ತಾಯಿತು. ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಕಾದಂಬರಿಯನ್ನು ಮೇಲಿನ ತರಗತಿಯವರು ಈ ದೃಷ್ಟಿಯಿಂದ ಓದಬೇಕು.

ನಗರದಲ್ಲಿರುವ ನಮಗೆ ಋತುವಿಲ್ಲವೆಂದು ತಿಳಿಯುವುದೂ ತಪ್ಪು. ಮುಂಬಯಿ ಕುಡಿಯುವ ನೀರು ತುಳಸಿ, ವಿಹಾರ, ತಾನಸಾ, ವೈತರಣಾ, ಭಾತ್ಸಾ ಮೊದಲಾದ ಏಳು ಜಲಾಶಯಗಳದು. ಅವುಗಳಲ್ಲಿ ವಿಹಾರವು 1860ರಷ್ಟು ಹಳೆಯದು. ನಾಲ್ಕು ತಿಂಗಳ ಮಳೆಯನ್ನು ಹಿಡಿದಿಟ್ಟು ವರ್ಷವೆಲ್ಲ ಕುಡಿಯುವ ಈ ಮಹಾನಗರವೂ ಕಟ್ಟ ಹಾಕಿದ ದೊಡ್ಡದೊಂದು ಹಳ್ಳಿಯೇ. ಶಾಲೆಯ ದಾರಿಯ ಒಂದು ಅಶ್ವತ್ಥವನ್ನು ಆರಿಸಿಕೊಂಡು, ಅದರ ಕೆಂಪು ಚಿಗುರು ಯಾವ ದಿನ ಕಂಡಿತು, ಯಾವಾಗ ಹಸಿರಾಯಿತು ಎಂದು ನಕ್ಷತ್ರದ ಹೆಸರಿನೊಡನೆ ಒಂದು ವರ್ಷ ಬರೆದಿಡಿರಿ. ಮುಂದಿನ ಸಂಚಿಕೆಗೆ ಅಂಥ ಟಿಪ್ಪಣಿಗಳು ಬಂದರೆ ನನ್ನ ಲೇಖನಕ್ಕಿಂತ ಅವನ್ನೇ ಮೊದಲು ಅಚ್ಚುಮಾಡುವಂತೆ ಸಂಪಾದಕರನ್ನು ಕೇಳಿಕೊಳ್ಳುವೆನು.

ಗದ್ದೆಯಲ್ಲಿ ಏನೂ ಬೆಳೆಯುವುದಿಲ್ಲ ಎಂದು ಬರೆದ ಹುಡುಗನ ಪುಸ್ತಕದಲ್ಲಿ ಅಂದು ನಾನು ಏನನ್ನೂ ತಿದ್ದಲಿಲ್ಲ. ಆಟಿ ತಿಂಗಳಲ್ಲಿ ಅಜ್ಜಿಗೆ ಫೋನು ಮಾಡಿ, ಗದ್ದೆ ಹೇಗಿದೆಯೆಂದು ಕೇಳು, ಎಂದು ಅಂಚಿನಲ್ಲಿ ಬರೆದು ಕೊಟ್ಟೆನು. ಆಗಸ್ಟ್ ಮೊದಲ ವಾರ ಮಧ್ಯಂತರದ ವೇಳೆ ಅವನು ಶಿಕ್ಷಕರ ಕೊಠಡಿಗೆ ಬಂದು ನಿಂತನು.

"ಸರ್, ಅಜ್ಜಿಯನ್ನು ಕೇಳಿದೆ. ಕೆಳಗಿನ ಬೈಲು ಗದ್ದೆಯನ್ನು ಪಕ್ಕದ ಮನೆಯವರು ನೆಟ್ಟಿದ್ದಾರಂತೆ, ಮೊಣಕಾಲಿನವರೆಗೆ ಬಂದಿದೆಯಂತೆ. ಮೇಲಿನ ಬೆಟ್ಟು ಗದ್ದೆ ಮಾತ್ರ ಅಜ್ಜ ತೀರಿಕೊಂಡಂದಿನಿಂದ ಹಡಿಲು. ನಾವು ಕ್ರಿಕೆಟ್ ಆಡುವುದು ಅದರಲ್ಲಿಯೇ."

ಮನೆಯಲ್ಲಿ ಏನೆನ್ನುತ್ತಾರೆ ಎಂದು ವಿಚಾರಿಸಿದೆನು. ಬೈಲನ್ನು ಮಾರುವ ಮಾತು ನಿಂತಿದೆ, ಬೆಟ್ಟಿನ ವಿಚಾರ ಇನ್ನೂ ತೀರ್ಮಾನವಾಗಿಲ್ಲ ಎಂದನು. ಹೋಗಲೆಂದು ತಿರುಗಿದವನು ಬಾಗಿಲ ಬಳಿ ನಿಂತು, ಒಂದು ಬೆಟ್ಟು ಗದ್ದೆಯ ಬದು ಕಟ್ಟಲು ಎಷ್ಟು ಮಂದಿ ಬೇಕಾಗುತ್ತದೆ ಸರ್, ಎಂದು ಕೇಳಿದನು.